ಬೆಟ್ಟದ ಕಡೆಗಿನ ಕಿಟಕಿ

ನಮ್ಮ ಸೋದರತ್ತೆಯ ಹಟ ಎಂಥದ್ದು ಎಂದು ತಿಳಿಯಬೇಕಾದರೆ ಹಳೇ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಅಲ್ಲಿ ಅವಳಿಗೆ ಟೇಪಮ್ಮ ಎಂದೇ ಹೆಸರು. ನೂರೈವತ್ತು ವರ್ಷದ ಮನೆಗಳ ಬೀದಿ ಅದು. ಪಾರಂಪರಿಕ ಪ್ರದೇಶವೆಂದು ಘೋಷಿಸಿದ ಮೇಲೆ ಅಲ್ಲಿ ಒಂದು ಮೊಳೆ ಹೊಡೆಯಲೂ ಪರಂಪರೆ ಕಚೇರಿಯ ಅಪ್ಪಣೆ ಬೇಕು. ಅಳೆದು ವರದಿ ಬರೆಯುವವಳು ಅತ್ತೆ. ಅವಳು ಟೇಪು ಹಿಡಿದು ತಿರುವಿನಲ್ಲಿ ಕಂಡರೆ ಸಾಕು, ಜನ ಹೊಸ ಬಣ್ಣದ ಡಬ್ಬಿಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

ಅವಳು ಆ ಕೆಲಸಕ್ಕೆ ಸೇರಿದ್ದೇ ಒಬ್ಬನ ಮೇಲಿನ ಸೇಡಿಗೆ. ನಮ್ಮ ಮನೆಗೆ ಅಂಟಿಕೊಂಡ ಅವಳಿ ಮನೆಯವನು, ಫೋಟೋ ಮಾಮ. ಕೆಳಗೆ ಸ್ಟುಡಿಯೋ, ಮೇಲೆ ಸಂಸಾರ.

ನಮ್ಮಜ್ಜ ಊರಾಚೆಯ ಬೆಟ್ಟದ ಉದ್ಯಾನದಲ್ಲಿ ಮೂವತ್ತು ವರ್ಷ ಕಾವಲುಗಾರ. ಪಾರ್ಶ್ವವಾಯು ಹೊಡೆದು ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ, ಬೆಟ್ಟ ಕಾಣಬೇಕು. ಅತ್ತೆಗೆ ಆಗ ಇಪ್ಪತ್ಮೂರು. ಗಾರೆಯವನನ್ನು ಕರೆಸಿ ಹಿಂದಿನ ಗೋಡೆಯಲ್ಲಿ ಎರಡಡಿಯ ಕಿಟಕಿ ತೆಗೆಸಿದಳು. ಅಜ್ಜ ನಾಲ್ಕು ದಿನ ಬೆಟ್ಟ ನೋಡಿದ. ಐದನೇ ದಿನ ಫೋಟೋ ಮಾಮ ದೂರು ಕೊಟ್ಟ, ಐತಿಹಾಸಿಕ ಗೋಡೆಗೆ ಕನ್ನ ಕೊರೆದಿದ್ದಾರೆ ಎಂದು. ಕಚೇರಿಯವರೇ ಬಂದು ಇಟ್ಟಿಗೆ ಇಟ್ಟು ಮುಚ್ಚಿದರು. ತಿಂಗಳು ತುಂಬುವುದರೊಳಗೆ ಅಜ್ಜ ಹೋದ.

ಮಾಮನಿಗೆ ಅಷ್ಟೊಂದು ಉರಿ ಯಾಕೆ ಅಂದರೆ, ಒಮ್ಮೆ ಮದುವೆ ಜೋಡಿಯ ಫೋಟೋಗೆಂದು ಉದ್ಯಾನದಲ್ಲಿ ಹೂವಿನ ಕೊಂಬೆ ಮುರಿದಿದ್ದ. ಅಜ್ಜ ಗಿರಾಕಿಗಳ ಎದುರೇ ಅವನನ್ನು ಆಚೆ ಕಳಿಸಿದ್ದ. ಅಷ್ಟೇ.

ಆಮೇಲೆ ಇಪ್ಪತ್ತಾರು ವರ್ಷ ಅತ್ತೆ ಅವನಿಗೆ ನೀರು ಕುಡಿಸಿದಳು. ಸ್ಟುಡಿಯೋ ಬೋರ್ಡು ಎರಡು ಬೆರಳು ಅಗಲ ಜಾಸ್ತಿ ಎಂದು ಇಳಿಸಿದಳು. ಪ್ಲಾಸ್ಟಿಕ್ ಪೈಪು ಕೀಳಿಸಿದಳು. ನನಗೂ ಖುಷಿಯೇ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಮಾಮ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡು ಮಹಡಿಯಲ್ಲೇ ಮಲಗಿದ. ಅವನ ಸೊಸೆ ಕಚೇರಿಗೆ ಅರ್ಜಿ ತಂದಳು. ಮಾವನಿಗೆ ಬೆಟ್ಟದ ಕಡೆ ಒಂದು ಕಿಟಕಿ ಬೇಕು. ಜೊತೆಗೆ ಮಾಮನ ಅಪ್ಪ ಬೆಟ್ಟದ ದಾರಿಯಿಂದ ತೆಗೆದ ಹಳೇ ಫೋಟೋ. ಎರಡೂ ಮನೆಗಳ ಹಿಂಭಾಗ, ಎರಡರಲ್ಲೂ ಕಿಟಕಿ. ಅರ್ಜಿಯ ಕೆಳಗೆ ಬರೆದಿತ್ತು: ‘ಇದು ಹೊಸ ಕಿಟಕಿಯಲ್ಲ. ಆಗ ಮಹಡಿಯಲ್ಲಿದ್ದ ಫೋಟೋ ತೊಳೆಯುವ ಕೋಣೆಗೆ ಬೆಳಕು ಬರಬಾರದೆಂದು ಅರವತ್ತು ವರ್ಷದ ಹಿಂದೆ ನಮ್ಮ ತಂದೆಯವರು ಮುಚ್ಚಿಸಿದ್ದು.’

ಅತ್ತೆ ಆ ಫೋಟೋವನ್ನು ಬಹಳ ಹೊತ್ತು ನೋಡಿದಳಂತೆ. ಅಜ್ಜನ ಕಿಟಕಿಯೂ ಕನ್ನವಾಗಿರಲಿಲ್ಲ. ಯಾವ ಕಾಲದಲ್ಲೋ ಮುಚ್ಚಿದ್ದನ್ನೇ ಗಾರೆಯವನು ತಿಳಿಯದೆ ತೆರೆದಿದ್ದ. ಅದು ಮಾಮನಿಗೆ ಗೊತ್ತಿತ್ತು. ಗೊತ್ತಿದ್ದೂ ದೂರು ಕೊಟ್ಟಿದ್ದ.

“ಇದನ್ನ ನಿಮ್ಮ ಮಾವನೇ ಬರೆಸಿದ್ರಾ?”

“ಹೂಂ ಅಕ್ಕ, ಒಂದೊಂದು ಅಕ್ಷರಾನೂ ಅವರೇ ಹೇಳಿದ್ದು.”

“ಅರವತ್ತು ವರ್ಷ ಅಂತ?”

“ಹೂಂ.”

ಕಚೇರಿಯ ನಿಯಮ ಅತ್ತೆಗೆ ಬಾಯಿಪಾಠ. ಐವತ್ತು ವರ್ಷ ದಾಟಿದ ಬದಲಾವಣೆಯೂ ಪರಂಪರೆಯೇ, ಮುಟ್ಟುವ ಹಾಗಿಲ್ಲ. ಮಾಮನ ಕಿಟಕಿ ಮುಚ್ಚಿದ ಇಟ್ಟಿಗೆಗೆ ಅರವತ್ತಾಗಿತ್ತು, ನಮ್ಮದಕ್ಕೆ ಬರೀ ಇಪ್ಪತ್ತಾರು. ಅವನ ಅರ್ಜಿ ವಜಾ ಆಯಿತು. ಅದೇ ಫೋಟೋದ ಆಧಾರದ ಮೇಲೆ ಅತ್ತೆ ಅರ್ಜಿ ಹಾಕಿದಳು, ನಮ್ಮ ಕಿಟಕಿ ಮಂಜೂರಾಯಿತು. ಮೇಲಧಿಕಾರಿ ಎರಡಕ್ಕೂ ಸಹಿ ಹಾಕಿದರು. ವರದಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇಟ್ಟಿಗೆ ಒಡೆಯುವ ಒಂದು ದಿನದ ಕೆಲಸವನ್ನು ಅತ್ತೆ ಮೂರು ದಿನ ಎಳೆಸಿದಳು. ಸುತ್ತಿಗೆಯ ಒಂದೊಂದು ಪೆಟ್ಟೂ ಪಕ್ಕದ ಹಾಸಿಗೆಗೆ ಕೇಳಲಿ ಎಂದು.

ನಾಲ್ಕನೇ ದಿನ ಸೊಸೆ ನಮ್ಮ ಮನೆಗೆ ಬಂದಳು.

“ಅಕ್ಕ, ಕುರ್ಚೀಲಿ ಕೂರಿಸಿ ಎತ್ಕೊಂಡು ಬರ್ತೀವಿ. ದಿನಕ್ಕೆ ಅರ್ಧ ಗಂಟೆ ನಿಮ್ಮ ಕಿಟಕಿ ಹತ್ರ ಕೂತ್ಕೊಳ್ಳಲಿ. ಮಾವ ನಿಮ್ಮ ಹತ್ರ ತಪ್ಪು ಒಪ್ಕೊಳ್ತಾರಂತೆ.”

“ನಮ್ಮಪ್ಪನ ಹತ್ರ ಒಪ್ಕೊಳ್ಳಲಿ.”

“ಅವರು ಈಗಿಲ್ವಲ್ಲ ಅಕ್ಕ.”

“ಅದಕ್ಕೇ.”

ಸೊಸೆ ಮೆಟ್ಟಿಲಿಳಿದು ಹೋದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ಹೊಸ ಕಿಟಕಿಯ ಬಳಿ ಹೋಗಿ ಬೆಟ್ಟ ನೋಡುತ್ತಾಳೆ ಎಂದುಕೊಂಡೆ. ಅವಳು ಅತ್ತ ತಿರುಗಲೂ ಇಲ್ಲ. ಸೊಸೆ ಆ ಮಾತನ್ನು ಮಾವನಿಗೆ ಹೇಗೆ ಹೇಳುತ್ತಾಳೋ ಕೇಳಲು, ನಡುಗೋಡೆಗೆ ಕಿವಿಯಿಟ್ಟು ನಿಂತಳು.