ಭುಲುವಿನ ತಪ್ಪೊಪ್ಪಿಗೆ

ನನ್ನ ನಾಯಿಯ ಮುಖ ನನಗೆ ಓದಲು ಬರುತ್ತದೆ ಎಂದು ಈವರೆಗೆ ಒಂಬತ್ತು ಜನರಿಗೆ ಹೇಳಿಕೊಂಡಿದ್ದೇನೆ. ಯಾರಿಗೆ, ಯಾವ ತಾರೀಖು ಎಂಬುದೆಲ್ಲ ದಿನಚರಿಯಲ್ಲಿದೆ. ಹಾಗಾಗಿ ಈಗ ಯಾರ್ಯಾರ ಎದುರು ತಲೆ ತಗ್ಗಿಸಬೇಕೆಂದು ಹುಡುಕುವ ಕಷ್ಟವಿಲ್ಲ.

ನಾಯಿಯ ಹೆಸರು ಭುಲು. ಕಸ್ಬಾ ಬಡಾವಣೆಯ ನಮ್ಮ ಗಲ್ಲಿಯಲ್ಲಿ ಹುಟ್ಟಿ, ಒಂದು ಸಂಜೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ನನ್ನ ಚೀಲದಲ್ಲಿ ಮೀನಿಲ್ಲವೆಂದು ತಿಳಿದ ಮೇಲೂ ಉಳಿದುಕೊಂಡವನು. ನಾನಿರುವುದು ಮೇಲಿನ ಮಹಡಿಯಲ್ಲಿ. ಕೆಳಗೆ ಬಂಗಾಳಿ ಮನೆಯೊಡತಿ ಮಾಶಿಮಾ ಮತ್ತು ಅವರ ಗಂಡ ಮೇಶೋಮಶಾಯ್. ನಮ್ಮಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಎಂದ ಹಾಗೆ. ಇಲ್ಲಿ ಬಾಡಿಗೆಯ ಜೊತೆ ನೆಂಟಸ್ತಿಕೆಯೂ ಸಿಗುತ್ತದೆ. ನಾನು ಕಚೇರಿಗೆ ಹೋದಾಗ ಭುಲು ದಿನವಿಡೀ ಕೆಳಗೆ, ಪತ್ರಿಕೆ ಓದುವ ಮೇಶೋಮಶಾಯರ ಕಾಲ ಬಳಿ ಇರುತ್ತಿದ್ದ.

ಚಳಿಗಾಲ ಬಂತು, ಹೊಸ ಖರ್ಜೂರದ ಬೆಲ್ಲದ ಸಂದೇಶ್ ಎಂಬ ಸಿಹಿತಿಂಡಿ ಬಂತು, ಕಳವೂ ಶುರುವಾಯಿತು. ಸಂಜೆ ನಾನು ಬರುವಷ್ಟರಲ್ಲಿ ಮಾಶಿಮಾ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ರಟ್ಟಿನ ಮೇಲೆ ಭುಲುವಿನ ನಾಲಿಗೆಯ ಗುರುತು.

"ಓ ಮಾ! ನಿನ್ನ ಸುಪುತ್ರನ ಕೆಲಸ ನೋಡು!"

ನಾನು ಸೊಂಟದ ಮೇಲೆ ಕೈಯಿಟ್ಟು ಭುಲುವಿನತ್ತ ತಿರುಗುತ್ತಿದ್ದೆ. ಅವನ ಕಿವಿ ತಲೆಗೆ ಅಂಟಿಕೊಳ್ಳುತ್ತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು, ಬಾಲ ಹೊಟ್ಟೆಯಡಿ ಸೇರುತ್ತಿತ್ತು. "ನೋಡಿ, ಒಪ್ಪಿಕೊಂಡ," ಎನ್ನುತ್ತಿದ್ದೆ. ಅದರಲ್ಲಿ ಕೊಂಚ ಹೆಮ್ಮೆಯೂ ಇತ್ತು: ಕಳ್ಳನಾದರೂ ಆತ್ಮಸಾಕ್ಷಿಯುಳ್ಳ ಕಳ್ಳ, ನಾನು ಸಾಕಿದವನಲ್ಲವೇ! ಶಿಕ್ಷೆಯೆಂದು ಅಂದಿನ ಅಡ್ಡಾಟ ಬಂದ್. ಅವನು ಕೊರಳ ಪಟ್ಟಿಯನ್ನು ಬಾಯಲ್ಲಿ ಹಿಡಿದು ಬಾಗಿಲ ಬಳಿ ಕಾಯುವುದನ್ನು ಪಶ್ಚಾತ್ತಾಪವೆಂದು ಓದಿಕೊಂಡೆ. ದಿನಚರಿಯಲ್ಲಿ ತಾರೀಖು, ಹೋದ ಸಂದೇಶ್, ತಪ್ಪೊಪ್ಪಿಗೆ ಎಂದು ಮೂರು ಅಂಕಣ ಎಳೆದೆ. ಆರು ಕಳವು, ಆರು 'ಹೌದು'. ನೂರಕ್ಕೆ ನೂರು ಬಂದ ಲೆಕ್ಕವನ್ನು ಕಚೇರಿಯಲ್ಲಾದರೆ ನಾನು ಅನುಮಾನದಿಂದ ಇನ್ನೊಮ್ಮೆ ನೋಡುತ್ತೇನೆ. ಮನೆಯಲ್ಲಿ ನೋಡಲಿಲ್ಲ.

ಆರನೆಯದರ ಹೊತ್ತಿಗೆ ಮಾಶಿಮಾ ಬೇಸತ್ತಿದ್ದರು. "ಇನ್ನೊಂದು ಸಲ ಆದ್ರೆ ಇವನು ಗಲ್ಲಿಗೆ ವಾಪಸ್. ನೀನು ಎಷ್ಟು ಬೇಕಾದ್ರೂ ಅಳು."

ನಾನು ವಾದಿಸಲಿಲ್ಲ. ಹೇಗೆ ವಾದಿಸಲಿ? ಅವನ ವಿರುದ್ಧದ ಮುಖ್ಯ ಸಾಕ್ಷಿಯೇ ನಾನು. ಪೊಲೀಸರ ಎದುರು ಕೊಟ್ಟ ತಪ್ಪೊಪ್ಪಿಗೆಯನ್ನು ನಮ್ಮ ನ್ಯಾಯಾಲಯಗಳು ಸಾಕ್ಷ್ಯವೆಂದು ಒಪ್ಪುವುದಿಲ್ಲವಂತೆ. ಹೆದರಿದವರು ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾರೆಂದು ಕಾನೂನಿಗೆ ಗೊತ್ತು. ಅದನ್ನು ಬರೆದವರ ಮನೆಯಲ್ಲಿ ನಾಯಿ ಇದ್ದಿರಬೇಕು.

ಏಳನೆಯ ಕಳವು ಒಂದು ಶನಿವಾರ ನಡೆಯಿತು. ನೆಗಡಿಯೆಂದು ನಾನು ಬೆಳಗಿನಿಂದ ಹಾಸಿಗೆಯಲ್ಲಿದ್ದೆ. ಬಾಗಿಲಿಗೆ ಚಿಲಕ ಹಾಕಿತ್ತು. ಭುಲು ನನ್ನ ಪಾದದ ಮೇಲೆ ಮಲಗಿದ್ದ. ಸಂಜೆ ಮೆಟ್ಟಿಲ ಬುಡದಿಂದ ಕೂಗು: "ಮತ್ತೆ ತಿಂದ! ಇಳಿಸು ಅವನನ್ನ!"

ಅಭ್ಯಾಸಬಲದಿಂದ ನಾನು ಅವನನ್ನು ದುರುಗುಟ್ಟಿ ನೋಡಿದೆ. ಕಿವಿ ಅಂಟಿತು, ಕಣ್ಣಿನ ಬಿಳಿ ಕಂಡಿತು, ಬಾಲ ಹೊಟ್ಟೆಯಡಿ ಹೋಯಿತು. ದಿನವಿಡೀ ಕಂಬಳಿ ಬಿಟ್ಟು ಕದಲದ ಪ್ರಾಣಿ ಕೆಳಮನೆಯ ಕಳವನ್ನು ಪೂರ್ತಿಯಾಗಿ ಒಪ್ಪಿಕೊಂಡಿತು.

ಆಗ ನನ್ನ ಮುಖಕ್ಕೇರಿದ ಬಿಸಿ ನೆಗಡಿಯದಾಗಿರಲಿಲ್ಲ. ಇಷ್ಟು ದಿನವೂ ಅವನು ಹೇಳುತ್ತಿದ್ದದ್ದು ಒಂದೇ ಮಾತು: ನಿನ್ನ ಮುಖ ನೋಡಿದರೆ ಹೆದರಿಕೆಯಾಗುತ್ತದೆ. ಓದು ಬರುತ್ತಿದ್ದದ್ದು ಅವನಿಗೆ.

ಅವನನ್ನು ಎತ್ತಿಕೊಂಡೇ ಕೆಳಗಿಳಿದೆ. "ಬೆಳಗಿನಿಂದ ಇವನು ನನ್ನ ಹತ್ರಾನೇ ಇದ್ದ, ಮಾಶಿಮಾ. ಇವನನ್ನ ಕಳ್ಳ ಮಾಡಿದ್ದು ನಾನು."

ಆಮೇಲೆ ನಾನೂ ಮಾಶಿಮಾನೂ ಒಟ್ಟಿಗೆ ಮೂಲೆಯ ಕುರ್ಚಿಯತ್ತ ತಿರುಗಿದೆವು. ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. ಸಕ್ಕರೆ ಕಾಯಿಲೆಯಿಂದಾಗಿ ಸಿಹಿ ಮುಟ್ಟಬಾರದ ಮೇಶೋಮಶಾಯರ ಮೀಸೆಯಲ್ಲಿ ಬೆಲ್ಲದ ಬಣ್ಣದ ಪುಡಿ.

"ಡಬ್ಬಿ ಅವನಿಗೇ ನೆಕ್ಕೋಕೆ ಕೊಡ್ತಿದ್ದೆ," ಎಂದರು, ದೊಡ್ಡ ಧರ್ಮಿಷ್ಠರ ಹಾಗೆ. "ಅವನಿಗಾದ್ರೆ ಬೈದು ಬಿಡ್ತೀರಿ. ನನಗಾದ್ರೆ ರಕ್ತ ಪರೀಕ್ಷೆ."

"ನಲವತ್ತು ವರ್ಷದಿಂದ ಈ ಮುಖ ನೋಡ್ತಿದೀನಿ," ಎಂದರು ಮಾಶಿಮಾ ನನ್ನ ಕಡೆ ತಿರುಗಿ, "ಒಂದು ಕಿವಿಯಾದ್ರೂ ಬಗ್ಗಿದೆಯಾ, ಕೇಳು!"

ಭುಲುವಿನ ಗಡೀಪಾರು ರದ್ದಾಯಿತು. ನನ್ನ ಕ್ಷಮಾಪಣೆಯೊಂದು ಬಾಕಿ ಇತ್ತು. ಅವನೆದುರು ನೆಲದ ಮೇಲೆ ಕುಳಿತು ಮನಸ್ಸಿನ ನಾಚಿಕೆಯನ್ನೆಲ್ಲ ಮುಖಕ್ಕೆ ತಂದುಕೊಂಡೆ. ಅವನು ಕೂಡಲೇ ಕಿವಿ ತಗ್ಗಿಸಿ, ಬಾಲ ಮಡಚಿ, ಎಂಟನೆಯ ಬಾರಿ ತಪ್ಪೊಪ್ಪಿಕೊಂಡ.

ಫೋನಿನಲ್ಲಿ ಇದನ್ನು ಕೇಳಿ ಧಾರವಾಡದ ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ನಿನ್ನ ಮಾರೀನ ಹಂಗ ಐತೆವಾ. ಸಣ್ಣಾಕಿದ್ದಾಗ ತಪ್ಪ ಮಾಡಿದ್ರ ಮೂತಿ ಉಬ್ಬಿಸ್ಕೊಂಡ ಕುಂದರತಿದ್ದಿ. ನಾಚಿಕಿಯೋ ಸಿಟ್ಟೋ, ಹಡದಾಕಿ ನನಗ ತಿಳೀತಿರಲಿಲ್ಲ. ಆ ಮೂಕ ಪ್ರಾಣಿಗೆ ಹೆಂಗ ತಿಳೀಬೇಕು? ನಕ್ಕೋತ ಹೋಗ ಅದರ ಮುಂದ."

ಹಾಗಾಗಿ ಈಗ ಕಚೇರಿಯಿಂದ ಬಂದವಳು ಬಾಗಿಲ ಹೊರಗೆ ಒಂದು ಗಳಿಗೆ ನಿಂತು ಮುಖ ಸಡಿಲಿಸಿಕೊಳ್ಳುತ್ತೇನೆ. ನಾಚಿಕೆಪಡುವುದು ಸುಲಭ, ಅದನ್ನೂ ಎದುರಿನವನ ತಲೆಗೆ ಕಟ್ಟದೆ ಪಡುವುದಕ್ಕೆ ಅಭ್ಯಾಸ ಬೇಕು. ದಿನಚರಿಯ ಮೂರನೆಯ ಅಂಕಣದ 'ತಪ್ಪೊಪ್ಪಿಗೆ'ಯನ್ನು ಹೊಡೆದುಹಾಕಿ 'ಕಿವಿ' ಎಂದು ಬರೆದಿದ್ದೇನೆ. ನಿನ್ನೆಯ ನಮೂದು: ಒಂದು ನೆಟ್ಟಗೆ, ಇನ್ನೊಂದು ಯೋಚಿಸುತ್ತಿದೆ.