ತಿದಿ ಇದ್ದ ಕೋಣೆ

ನಾಗಮಂಗಲದ ನಮ್ಮ ಮನೆಯಲ್ಲಿ ಮುಂದಿನ ಕೋಣೆ ಅಪ್ಪನ ಚಿನ್ನದ ಕೆಲಸಕ್ಕೆ, ಹಿಂದಿನದು ನನ್ನ ಸ್ಟುಡಿಯೊ. ಸ್ಟುಡಿಯೊ ಎಂದರೆ ಒಂದು ಕಂಪ್ಯೂಟರು, ಎರಡು ಮೈಕು, ಗೋಡೆಗೆ ಹೊಡೆದ ಹಳೇ ಕಂಬಳಿಗಳು, ಮತ್ತೆ ಮೂಲೆಯಲ್ಲಿ ಅಪ್ಪ ಜಪ್ಪಯ್ಯ ಅಂದರೂ ಎತ್ತದ, ತಾತನ ಕಾಲದಲ್ಲಿ ಕುಲುಮೆಗೆ ಗಾಳಿ ಊದುತ್ತಿದ್ದ ಚರ್ಮದ ತಿದಿ. ಹಾಡು ರೆಕಾರ್ಡು ಮಾಡಿ ಹದಗೊಳಿಸಿ ಕೊಡುವುದೇ ನನ್ನ ಕಸುಬು ಎಂದು ನಾನು ಸಾರಿದ ದಿನ ಅಪ್ಪ ಒಂದು ಷರತ್ತು ಹಾಕಿದ್ದ. ಮೊದಲ ಸಲ ಯಾರು ಬೇಕಾದರೂ ಬರುತ್ತಾರೆ. ಬಂದವರೇ ವರ್ಷದೊಳಗೆ ಇನ್ನೊಮ್ಮೆ ಕೆಲಸ ತಂದರೆ ಕೋಣೆ ನನ್ನದು, ಇಲ್ಲದಿದ್ದರೆ ಅವನ ಪಕ್ಕ ಕೂತು ಅರ ಹಿಡಿಯಬೇಕು. ವರ್ಷ ತುಂಬುತ್ತಾ ಬಂದರೂ ಯಾರೂ ಎರಡನೇ ಸಲ ಬಂದಿರಲಿಲ್ಲ. ಕೋಣೆ ಇನ್ನೂ ಅಪ್ಪನದೇ ಎನ್ನುವಂತೆ ಕೂತಿದ್ದ ತಿದಿಯನ್ನು ಕಂಡಾಗಲೆಲ್ಲ ನನಗೆ ಭಯವಾಗುತ್ತಿತ್ತು.

ಆಗ ಬಿಂಡಿಗನವಿಲೆಯಿಂದ ನಾಲ್ವರು ಹೆಂಗಸರು ಬಸ್ಸಿಳಿದು ಬಂದರು. ಮದುವೆಗಳಲ್ಲಿ ಸೋಬಾನೆ ಹೇಳುವವರು. ಅವರ ಹಿರಿಯಾಕೆಯ ಮೊಮ್ಮಗಳ ಮದುವೆ ಬೆಳ್ಳೂರಿನ ಛತ್ರದಲ್ಲಿತ್ತು, ಅಲ್ಲಿ ಹಾಕಲು ಒಂದು ಸೋಬಾನೆ ಪದ ರೆಕಾರ್ಡಾಗಬೇಕಿತ್ತು. ನಾನು ಮೊಬೈಲಿನಲ್ಲಿ ನೂರಾರು ಪಾಠ ನೋಡಿ ಪಂಡಿತನಾಗಿದ್ದೆ. ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಕಿವಿಗೆ ಟಿಕ್ ಟಿಕ್ ತಾಳ ಕೊಟ್ಟು ಹಾಡಿಸಿದೆ; ಮೊದಲು ಹಿರಿಯಾಕೆ, ಆಮೇಲೆ ಅವಳ ದನಿ ಕೇಳಿಸಿಕೊಂಡು ಮಿಕ್ಕವರು. ಆಮೇಲೆ ಮೂರು ದಿನ ಕೂತು ಕೆಮ್ಮು ತೆಗೆದೆ, ಬಳೆ ಸದ್ದು ತೆಗೆದೆ, ಉಸಿರನ್ನೂ ತೆಗೆದೆ. ಹಿರಿಯಾಕೆ ಸಾಲು ಮುಗಿಸುವ ಮೊದಲೇ ಮಿಕ್ಕವರು ನುಗ್ಗಿಬಿಡುತ್ತಿದ್ದರು. ಪಾಪ, ತಾಳಜ್ಞಾನ ಕಡಿಮೆ ಎಂದುಕೊಂಡು ಅವರ ದನಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಿಂದಕ್ಕೆ ಸರಿಸಿ, ಅವಳ ಸಾಲು ಮುಗಿದ ಮೇಲೆ ಬರುವಂತೆ ನಿಲ್ಲಿಸಿದೆ. ಜೊತೆಗೆ ಒಂದಿಷ್ಟು ಪಿಟೀಲನ್ನೂ ಸುರಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಹಾಡನ್ನು ಅವರ ಮೊಬೈಲಿಗೆ ಕಳಿಸಿಕೊಟ್ಟೆ.

ನಾಲ್ಕನೇ ದಿನ ನಾಲ್ವರೂ ವಾಪಸು ಬಂದರು. ಅಪ್ಪ ಸುತ್ತಿಗೆ ಕೆಳಗಿಟ್ಟು, ಬೈಯಲು ಬಂದವರು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಟ್ಟ.

ಹಿರಿಯಾಕೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನನ್ನ ಉಸುರು ನಿಲ್ಲೋದ್ರೊಳ್ಗೆ ಇವ್ರು ಎತ್ಕೊತಾರೆ ಕಣಪ್ಪ," ಎಂದಳು. "ಅದ್ಕೇ ನಾನು ಈ ವಯಸ್ಸಲ್ಲೂ ಬೆಳಗಾನ ಪದ ಯೋಳ್ತೀನಿ. ನೀನು ಇವ್ರನ್ನೆಲ್ಲ ದೂರ ನಿಲ್ಸಿ ನನ್ನೊಬ್ಳನ್ನೇ ಬುಟ್ಬುಟ್ಟಿದ್ದೀಯ."

ನನಗೆ ನಾಚಿಕೆಯಾಯಿತು. ಮೂರು ದಿನ ಕೂತು ನಾನು ತಿದ್ದಿದ ತಪ್ಪೇ ಅವರ ವಿದ್ಯೆಯಾಗಿತ್ತು. ಅವರನ್ನು ಅಲ್ಲೇ ನೆಲದ ಮೇಲೆ ಚಾಪೆ ಹಾಸಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿದೆ. ನಡುವೆ ಒಂದೇ ಮೈಕು. ಹೆಡ್‌ಫೋನಿಲ್ಲ, ಟಿಕ್ ಟಿಕ್ ಇಲ್ಲ. ಯಾರ ದನಿ ಜೋರೋ ಅವರನ್ನು ಒಂದು ಗೇಣು ಹಿಂದೆ ಸರಿಸಿದ್ದೇ ನನ್ನ ಘನಕಾರ್ಯ. ಒಂದೇ ಏಟಿಗೆ ಪದ ಮುಗಿಯಿತು. ಕೈ ಕಂಪ್ಯೂಟರಿನ ಕಡೆ ಹೋಗುತ್ತಲೇ ಇತ್ತು. ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಹಾಕಿ ಕೇಳಿಸಿದಾಗ ಬಳೆ, ಕೆಮ್ಮು, ಉಸಿರು ಎಲ್ಲ ಇತ್ತು. ಹಿರಿಯಾಕೆಯ ದನಿ ಸೋಲುವ ಜಾಗ ಬಂತು. ಸ್ಪೀಕರಿನಲ್ಲಿದ್ದ ಮೂವರ ಜೊತೆಗೆ ಚಾಪೆಯ ಮೇಲಿದ್ದ ಮೂವರೂ ಎತ್ತಿಕೊಂಡರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೂ ಐದು ಪದಗಳಿವೆ, ಹೊಲದ ಕಳೆ ಕೆಲಸ ಮುಗಿಸಿ ಬರುತ್ತೇವೆ ಎಂದಳು.

ಅವರು ಹೋದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದ.

"ಇದ್ರಾಗೆ ನೀನೇನ್ಲಾ ಮಾಡ್ದೆ?"

"ಏನೂ ಮಾಡ್ನಿಲ್ಲ ಕಣಪ್ಪ," ಎಂದೆ. ಆ ಮಾತನ್ನು ತಲೆಯೆತ್ತಿ ಹೇಳಿದ್ದು ಅದೇ ಮೊದಲು.

ಅಪ್ಪ ಮೂಲೆಗೆ ಹೋಗಿ, ತಿದಿಯ ಧೂಳು ಕೊಡವಿ, ಅದನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋದ.