ಎರಡು ಬಾಟಲಿ ಎಣ್ಣೆ

ನಾನು ಪಾದ್ರಿ ಎಂದು ಹೇಳಿದರೆ ಜನ ಮೊದಲು ನನ್ನ ಬೆರಳು ನೋಡುತ್ತಾರೆ. ಹದಿನಾಲ್ಕು ವರ್ಷದಿಂದ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಹಿಡಿ ಕಾಯಿ ತೆಗೆದು, ಮುರಿದು, ಮೂಸಿ, ಇದು ಇಂಥ ದರ್ಜೆ ಎಂದು ಬರೆಸುವ ಕೆಲಸ ನನ್ನದು. ಉಗುರಿನ ಸಂದಿಯ ಕೆಂಪು ಯಾವ ಸಾಬೂನಿಗೂ ಜಗ್ಗುವುದಿಲ್ಲ. ಬೆರಳು ನೋಡಿ ಮುಗಿದ ಮೇಲೆ ಜನ ನನ್ನ ಹೆಂಡತಿಯನ್ನು ನೋಡುತ್ತಾರೆ. ಕಥೋಲಿಕ ಪಾದ್ರಿಗೆ ಹೆಂಡತಿ ಎಲ್ಲಿಂದ ಬಂದಳು ಎಂದು ಬಾಯಿಬಿಟ್ಟು ಕೇಳುವವರು ಕಡಿಮೆ, ಮುಖದಲ್ಲೇ ಕೇಳುವವರು ಹೆಚ್ಚು.

ಹರೆಯದಲ್ಲಿ ಏಳು ವರ್ಷ, ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಓದಿ, ದೀಕ್ಷೆಗೆ ಮೊದಲೇ ಬಿಟ್ಟುಬಂದು ಮದುವೆಯಾದೆ. ಪಾದ್ರಿಯಾಗುವ ಆಸೆ ಮಾತ್ರ ಬಿಟ್ಟು ಹೋಗಲಿಲ್ಲ. ರೋಮಿನ ಆಡಳಿತಕ್ಕೆ ಸೇರದ, ಆದರೆ ರೊಟ್ಟಿ, ದ್ರಾಕ್ಷಾರಸದ ಅದೇ ಬಲಿಪೂಜೆ, ಅದೇ ಸಂಸ್ಕಾರಗಳನ್ನು ನಡೆಸುವ ಒಂದು ಸಣ್ಣ ಬಳಗವಿದೆ. ಅದರ ಬಿಷಪ್ಪರು ನನ್ನ ನಲವತ್ತನೆಯ ವಯಸ್ಸಿನಲ್ಲಿ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ನಮ್ಮಲ್ಲಿ ಸಂಬಳವಿಲ್ಲ, ಬಂಗಲೆಯಿಲ್ಲ. ಅವರವರ ಹೊಟ್ಟೆ ಅವರವರೇ ನೋಡಿಕೊಳ್ಳಬೇಕು. ಬಿಷಪ್ಪರೇ ಬೇರೆ ಜಿಲ್ಲೆಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುತ್ತಾರೆ. ಭಾನುವಾರ ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಎಂಟೊಂಬತ್ತು ಜನ ಕೂಡುತ್ತಾರೆ. ಹೆಂಡತಿಯ ಹೊಲಿಗೆ ಮಷಿನ್ನಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಅದೇ ಪೀಠ.

ಲಿಂಗಾಯತರಾದ ನಮ್ಮ ಮನೆಯ ಮಾಲೀಕರಿಗೆ ಮಾತ್ರ ಯಾವ ಗೊಂದಲವೂ ಇಲ್ಲ. "ನಮ್ಮ ಅಯ್ನಾರು ಹೊಲಾನೂ ಮಾಡ್ತಾರ, ಸಂಸಾರಾನೂ ಮಾಡ್ತಾರ, ಪೂಜೀನೂ ಮಾಡ್ತಾರ. ನೀವೂ ಹಂಗ ಅಲ್ರೀ?" ಎಂದು ಒಮ್ಮೆ ಕೇಳಿದರು. ಹೌದು ಎಂದೆ. ಅವರಿಗಿರುವ ಖಾತ್ರಿ ನನಗೆ ಇದ್ದಿದ್ದರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಕಳೆದ ವರ್ಷ ಸುಗ್ಗಿ ಜೋರಾಗಿದ್ದಾಗ, ಒಂದು ಸೋಮವಾರ ಮಧ್ಯಾಹ್ನ, ಹಾವೇರಿಯ ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಅವಳ ತಾಯಿಗೆ ಕೊನೆಗಾಲ. ಆ ತಾಯಿ ಹರೆಯದಲ್ಲಿ ಗಂಡನನ್ನು ಬಿಟ್ಟು ಬೇರೊಬ್ಬನ ಜೊತೆ ಬಾಳಿದವಳು. ತನಗೆ ಚರ್ಚಿನಲ್ಲಿ ಜಾಗವಿಲ್ಲ ಎಂದು ತಾನೇ ತೀರ್ಮಾನಿಸಿ, ಮೂವತ್ತು ವರ್ಷ ಅದರ ಮೆಟ್ಟಿಲು ಹತ್ತಿರಲಿಲ್ಲ. ಈಗ ಅವಳದು ಒಂದೇ ಆಸೆ: ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆಯನ್ನು ಹಣೆಗೆ, ಅಂಗೈಗೆ ಹಚ್ಚಿಸಿಕೊಂಡು ಕಣ್ಣು ಮುಚ್ಚಬೇಕು. ಯಾರೋ ನನ್ನ ಹೆಸರು ಹೇಳಿದ್ದರಂತೆ.

ನನ್ನ ಚೀಲದಲ್ಲಿ ಯಾವಾಗಲೂ ಬುತ್ತಿ ಡಬ್ಬಿ, ಕೊರಳಿಗೆ ಹಾಕುವ ನೇರಳೆ ಪಟ್ಟಿ, ಪ್ರಾರ್ಥನೆಯ ಪುಸ್ತಕ ಮತ್ತು ಎರಡು ಬಾಟಲಿ ಇರುತ್ತವೆ. ಎರಡೂ ಹಳೆಯ ಕೆಮ್ಮಿನ ಔಷಧದ ಬಾಟಲಿ, ಎರಡರಲ್ಲೂ ಕುಸುಬಿ ಎಣ್ಣೆ. ಒಂದು ಬಿಷಪ್ಪರು ಈಸ್ಟರಿಗೆ ಮುಂಚೆ ಆಶೀರ್ವದಿಸಿ ಕೊಟ್ಟದ್ದು, ಅದರ ಮೇಲೆ ಪೆನ್ನಿನಿಂದ ಶಿಲುಬೆ ಬರೆದಿದ್ದೆ. ಇನ್ನೊಂದು ಕೈಗೆ ಸವರಿಕೊಳ್ಳಲು ಮನೆಯಿಂದ ತಂದದ್ದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಆಂಧ್ರದ ಕಾಯಿ ಬಂದ ದಿನ ಎಣ್ಣೆ ಸವರದೆ ಮುಟ್ಟಿದರೆ ಕೈ ಬೆಂಕಿ. ಒಂದೇ ಚೀಲದಲ್ಲಿ ಎರಡನ್ನೂ ಇಡಬೇಡಿ ಎಂದು ಹೆಂಡತಿ ಹೇಳಿದ್ದಳು. ಆಕೆ ಹೇಳಿದ್ದನ್ನು ಆಗಲೇ ಕೇಳುವ ಅಭ್ಯಾಸ ನನಗಿಲ್ಲ.

ಸಂಜೆಯ ರೈಲು ಹತ್ತಿ ಹಾವೇರಿಗೆ ಹೋದೆ. ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ತಮ್ಮಾ, ನೀ ಖರೇ ಪಾದ್ರಿ ಹೌದಲ್ಲೋ? ನಿನ್ನ ಎಣ್ಣಿ ನಡೀತೈತಿ?"

"ನಡೀತೈತ್ರಿ, ಯವ್ವಾ. ಬಿಷಪ್ಪರು ಆಶೀರ್ವಾದ ಮಾಡಿದ್ದು," ಎಂದೆ. ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಕೊಡಲಿಲ್ಲ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತಾಗಿರಬೇಕು. ಚೀಲದಲ್ಲಿ ಪವಿತ್ರ ಎಣ್ಣೆ ಇಡುವ ಪಕ್ಕದ ಜೇಬಿನಿಂದ, ಗುರುತು ನೋಡದೆ, ಬಾಟಲಿ ತೆಗೆದು, ಹಣೆಗೂ ಅಂಗೈಗಳಿಗೂ ಹಚ್ಚಿ ಪ್ರಾರ್ಥಿಸಿದೆ. ಹಣೆಗೆ ಹಚ್ಚುವಾಗ ಆಕೆ "ಉರೀತೈತಿ" ಎಂದು ಸಣ್ಣಗೆ ಮುಲುಕಿದಳು. ಜ್ವರದ ಚರ್ಮ ಎಂದುಕೊಂಡೆ.

ಮರುದಿನ ಊಟದ ಹೊತ್ತಿಗೆ, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಎಂದಿನಂತೆ ಎಣ್ಣೆ ಕೇಳಲು ಬಂದರು. ಕೊಟ್ಟೆ. ಅವರಲ್ಲಿ ಹಿರಿಯಳು ಬಾಟಲಿ ತಿರುಗಿಸಿ ನೋಡಿದಳು.

"ಅಣ್ಣಾರ, ನಿನ್ನೆ ನೀವು ಗೇಟಿನ ಕಡೆ ಹೋಗಿದ್ರಿ. ನಾನ ನಿಮ್ಮ ಚೀಲದಾಗ ಕೈ ಹಾಕಿದೆ. ಎರಡು ಬಾಟ್ಲಿ ಇದ್ದುವು, ಎರಡೂ ತಗೊಂಡು ಎಲ್ಲಾರಿಗೂ ಹಂಚಿದೆ. ಸಿಟ್ಟಿಗೇಳಬ್ಯಾಡ್ರಿ."

"ಆಮ್ಯಾಲೆ ಯಾವ ಜೇಬಿನ್ಯಾಗ ಯಾವುದು ಇಟ್ಟಿ, ಅವ್ವಾ?"

"ಅದನ್ನ ಯಾರು ನೋಡ್ಯಾರ್ರಿ!"

ಇನ್ನೊಂದು ಬಾಟಲಿಯನ್ನೂ ಹೊರತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಹತ್ತು ಕೈಗಳ ಜಿಡ್ಡಿಗೆ ಶಿಲುಬೆ ಅಳಿಸಿಹೋಗಿತ್ತು. ಎರಡೂ ಹೆಚ್ಚುಕಡಿಮೆ ಅರ್ಧವಾಗಿದ್ದವು, ಎರಡರಲ್ಲೂ ಬೆರಳು ಅದ್ದಿ ಎಣ್ಣೆ ಕೆಂಪಾಗಿತ್ತು. ಮೂಸಿ ನೋಡೋಣವೆಂದರೆ ಹದಿನಾಲ್ಕು ವರ್ಷ ಮೆಣಸಿನಕಾಯಿ ಮೂಸಿದ ಮೂಗು ಯಾತಕ್ಕೂ ಬಾರದು. ಆಗ ಮುದುಕಿಯ ಉರಿ ನೆನಪಾಯಿತು. ದಿನಾ ಖಾರದ ಕೈ ಅದ್ದುವ ಬಾಟಲಿಯಿಂದಲೇ ಹಚ್ಚಿದ್ದೇನೆ, ಇನ್ನೇನು ಬೇಕು ಸಾಕ್ಷಿಗೆ? ಮೂವತ್ತು ವರ್ಷ ಕಾದವಳಿಗೆ ಅಡುಗೆ ಎಣ್ಣೆ ಹಚ್ಚಿ, ನಡೀತೈತಿ ಎಂದು ಬಂದಿದ್ದೆ. ಬುತ್ತಿ ಡಬ್ಬಿ ತೆರೆಯದೆ ಚೀಲಕ್ಕೆ ಹಾಕಿದೆ.

ಬಿಷಪ್ಪರಿಗೆ ಫೋನು ಮಾಡಿದೆ. ಆ ಕಡೆ ಮಿಕ್ಸರ್ ಗರ್ರೆನ್ನುತ್ತಿತ್ತು. ನಮ್ಮ ಬಳಗದಲ್ಲಿ ಈ ಎಣ್ಣೆಯನ್ನು ಬಿಷಪ್ಪರಲ್ಲದೆ ಬೇರೆಯವರು ಆಶೀರ್ವದಿಸುವಂತಿಲ್ಲ. ಹೊಸದು ಕಳಿಸಲು ನಾಲ್ಕು ದಿನ ಬೇಕೆಂದರು. ಹೆಂಗಸರ ಕೈಗೆ ಹೋದ ಪವಿತ್ರ ಎಣ್ಣೆಯ ಗತಿಯೇನು ಎಂದು ಕೇಳಿದೆ. "ಪುಸ್ತಕ ನೋಡಿ ಹೇಳ್ತೀನಿ" ಎಂದು ಇಟ್ಟುಬಿಟ್ಟರು.

ಮುದುಕಿಗೆ ನಾಲ್ಕು ದಿನ ಇರಲಿಲ್ಲ. ಸಂಜೆ ಮತ್ತೆ ರೈಲು ಹತ್ತಿದೆ. ಹೇಳಿದರೆ ಅವಳಿಗೆ ನನ್ನ ಮೇಲಿದ್ದ ಚೂರುಪಾರು ನಂಬಿಕೆಯೂ ಹೋಗುತ್ತದೆ. ಹೇಳದೆ ಹಚ್ಚಿದರೆ ಕಳ್ಳನ ಕೆಲಸ. ಹಾವೇರಿ ನಿಲ್ದಾಣ ಬರುವವರೆಗೂ ಒಮ್ಮೆ ಹೀಗೆ, ಒಮ್ಮೆ ಹಾಗೆ ಎನ್ನುತ್ತ ಕುಳಿತಿದ್ದೆ. ಕೊನೆಗೆ ಹೇಳಿಬಿಟ್ಟೆ.

ಆಕೆ ಕಣ್ಣು ತೆರೆದು ಕೇಳಿಸಿಕೊಂಡಳು. "ನನಗ ನಿನ್ನೇನ ಗೊತ್ತಾಗಿತ್ತು. ಹನ್ನೆರಡು ವರ್ಷ ಬ್ಯಾಡಗ್ಯಾಗ ನಾನೂ ತೊಟ್ಟು ಬಿಡಿಸೇನಿ. ಮೆಣಸಿನಕಾಯಿ ಉರಿ ತಿಳಿಯೂದಿಲ್ಲೇನು?"

"ಮತ್ಯಾಕ ಹೇಳಲಿಲ್ರಿ, ಯವ್ವಾ?"

"ನೀ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಾಕತ್ತಿದ್ದಿ. ನಡುವ ಹೆಂಗ ಬಾಯಿ ಹಾಕ್ಲಿ?"

ಮೂರು ಸಲ ಕೈ ತೊಳೆದು, ನಿನ್ನೆ ಬಳಸದ ಎರಡನೆಯ ಬಾಟಲಿ ತೆರೆದೆ. ಹೆಬ್ಬೆರಳು ಅದ್ದಿ ಹಣೆಗೆ ಮುಟ್ಟಿಸಿದೆ. ಆಕೆ ಹುಬ್ಬು ಗಂಟಿಕ್ಕಿದಳು.

"ಇದೂ ಉರೀತೈತಿ."

ಕೈ ಅಲ್ಲೇ ನಿಂತಿತು. ಎರಡರಲ್ಲೂ ಖಾರದ ಬೆರಳು ಅದ್ದಿದ್ದನ್ನು ಮಧ್ಯಾಹ್ನವೇ ಕಂಡಿದ್ದೆ, ಹಾಗಾದರೆ ಎರಡೂ ಉರಿಯುತ್ತವೆ ಎಂಬುದು ನನಗೆ ಹೊಳೆದದ್ದು ಆಗ. ಅದು ಹೋಗಲಿ, ನನ್ನ ಹೆಬ್ಬೆರಳಿಗೇ ಹದಿನಾಲ್ಕು ವರ್ಷದ ಖಾರವಿದೆ, ಅದು ಯಾವ ಎಣ್ಣೆಯಲ್ಲಿ ಅದ್ದಿದರೂ ಉರಿಯಲೇಬೇಕು. ಹಾಗಾದರೆ ನಿನ್ನೆಯದೇ ಸರಿಯಾದ ಎಣ್ಣೆಯಾಗಿರಬಹುದು, ಇದು ಅಡುಗೆಯದ್ದು. ಅಥವಾ ತಿರುಗಾಮುರುಗಾ. ಅದನ್ನೂ ಬಾಯಿಬಿಟ್ಟು ಹೇಳಿದೆ.

ಮುದುಕಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಮಗಳು ನೀರು ಕುಡಿಸಿದಳು.

"ಎರಡೂ ಬಾಟ್ಲೀದು ಹಚ್ಚಿದಂಗಾತಲ್ಲ. ಎರಡರಾಗ ಒಂದು ಖರೇದು ಹೌದಿಲ್ಲೋ?"

"ಹೌದ್ರಿ."

"ಹಂಗಾರ ನನಗ ಹತ್ತೇತಿ. ಯಾವತ್ತು ಹತ್ತಿತು ಅನ್ನೂದು ನಿನಗ ಬೇಕು, ನನಗ್ಯಾಕ? ಆ ಹೆಂಗಸರ ಕೈ ತಣ್ಣಗಾದುವೇನು?"

"ಆದುವಂತ್ರಿ."

"ಮತ್ತ ಅದೂ ಛಲೋನ ಆತು." ಆಕೆ ಎರಡೂ ಅಂಗೈ ಚಾಚಿದಳು. "ಕೈ ಉಳದಾವ. ಹಚ್ಚು."

ಹಚ್ಚಿದೆ. ಪ್ರಾರ್ಥನೆ ನಡುವೆ ಎರಡು ಸಲ ತಪ್ಪಿತು, ಪುಸ್ತಕ ನೋಡಿಕೊಂಡು ಮುಗಿಸಿದೆ. ಹೊರಡಲು ಎದ್ದಾಗ ಆಕೆ ಕರೆದಳು.

"ಸ್ವಾಮ್ಯಾರ, ಮುಂದ ಯಾರಿಗರ ಹಚ್ಚೂ ಮೊದ್ಲ ಕೈಗೆ ಮಜ್ಜಿಗಿ ತಿಕ್ಕೊಂಡು ಹೋಗ್ರಿ."

ನಿನ್ನೆಯಿಂದ ತಮ್ಮಾ ಎನ್ನುತ್ತಿದ್ದವಳು, ಪಾದ್ರಿಗಳನ್ನು ಕರೆಯುವ ಹಾಗೆ ಕರೆದಿದ್ದಳು. ನನಗೆ ಅಳು ಬಂತು, ಕಣ್ಣೊರೆಸಲು ಹೋಗಿ ಖಾರದ ಕೈ ನೆನಪಾಗಿ ತೋಳಿನಿಂದ ಒರೆಸಿಕೊಂಡೆ.

ಗುರುವಾರ ಬೆಳಿಗ್ಗೆ ಆಕೆ ತೀರಿಕೊಂಡಳು. ಬಿಷಪ್ಪರು ಇನ್ನೂ ಪುಸ್ತಕ ನೋಡುತ್ತಿದ್ದಾರೆ. ತೊಟ್ಟು ಬಿಡಿಸುವ ಹೆಂಗಸರಿಗೆಂದು ಬೇರೆ ಡಬ್ಬಿಯಲ್ಲಿ ಎಣ್ಣೆ ಒಯ್ಯುತ್ತೇನೆ. ಹಳೆಯ ಎರಡು ಬಾಟಲಿ ಮನೆಯ ಗೂಡಿನಲ್ಲಿವೆ. ಯಾವುದು ಯಾವುದೆಂದು ಇವತ್ತಿಗೂ ಗೊತ್ತಿಲ್ಲ, ಅದಕ್ಕೇ ಎರಡರ ಮೇಲೂ ಶಿಲುಬೆ ಬರೆದಿದ್ದೇನೆ.